ಅಂಟಾರ್ಕ್ಟಿಕದ ಹಕ್ಕಿ, ಕನ್ನಡ ಕರಾವಳಿಯ ಕಡಲು: ವಿಲ್ಸನ್ ಸ್ಟಾರ್ಮ್ ಪೆಟ್ರೆಲ್‌ನ ಆಹಾರಾನ್ವೇಷಣೆ

ವಿಲ್ಸನ್ ಸ್ಟಾರ್ಮ್ ಪೆಟ್ರೆಲ್ 40 ಗ್ರಾಂ ಆಸುಪಾಸಿನ, ಕಪ್ಪುಗಂದು ಬಣ್ಣದ ಕಡಲಹಕ್ಕಿ. ಬಾಲದ ಬುಡ ಮಾತ್ರ ಬಿಳಿ. ಅಂಟಾರ್ಕ್ಟಿಕದ ಕರಾವಳಿಯಲ್ಲೂ ಸುತ್ತಲಿನ ದ್ವೀಪಗಳಲ್ಲೂ ಬಂಡೆಗಳ ಸಂದಿನಲ್ಲಿ ಒಂದೇ ಮೊಟ್ಟೆಯಿಟ್ಟು ಮರಿ ಬೆಳೆಸುತ್ತದೆ. ಅಲ್ಲಿ ಚಳಿಗಾಲ ಕಾಲಿಡುವ ಹೊತ್ತಿಗೆ ಉತ್ತರಕ್ಕೆ ಹೊರಡುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಮಂಗಳೂರು, ಮಲ್ಪೆಗಳಾಚೆಯ ಅರಬ್ಬೀ ಸಮುದ್ರವೂ ಇದರ ಮೇವಿನ ನೆಲೆ.

ದಕ್ಷಿಣದಲ್ಲಿ ಇದರ ಮುಖ್ಯ ಆಹಾರ ಸಿಗಡಿಯನ್ನು ಹೋಲುವ ಕ್ರಿಲ್. ಜೊತೆಗೆ ಇತರ ಸಣ್ಣ ಕವಚಜೀವಿಗಳು, ಪುಟ್ಟ ಮೀನು, ಎಣ್ಣೆಜಿಡ್ಡಿನ ಚೂರುಗಳೂ ಸಲ್ಲುತ್ತವೆ. 500 ಮೀಟರ್‌ಗಿಂತ ಆಳಕ್ಕೆ ಮುಳುಗಬಲ್ಲ ಎಂಪರರ್ ಪೆಂಗ್ವಿನ್‌ನ ಕಸುಬು ಇದಕ್ಕೆ ಒಗ್ಗದು. ರೆಕ್ಕೆ ಬಿಚ್ಚಿ, ಗಾಳಿಗೆ ಮುಖ ಮಾಡಿ, ಜಾಲಪಾದಗಳನ್ನು ನೀರಿಗೆ ತಾಗಿಸುತ್ತ ನಡೆದಂತೆ ಸಾಗಿ, ಮೇಲ್ಪದರದಲ್ಲಿ ಸಿಕ್ಕಿದ್ದನ್ನು ಕೊಕ್ಕಿನಿಂದ ಹೆಕ್ಕುತ್ತದೆ.

ಗುರುತಿಲ್ಲದ ನೀರಿನ ಬಯಲಲ್ಲಿ ಮೇವಿರುವ ಜಾಗ ತಿಳಿಯುವುದು ಹೇಗೆಂಬುದೇ ಮೂಲ ಪ್ರಶ್ನೆ. ಉತ್ತರ ಬಹುಮಟ್ಟಿಗೆ ಮೂಗಿನಲ್ಲಿದೆ. ಪೆಟ್ರೆಲ್ ಬಳಗದ ಹಕ್ಕಿಗಳಿಗೆ ಕೊಕ್ಕಿನ ಮೇಲೆ ಕೊಳವೆಯಾಕಾರದ ಮೂಗಿನ ಹೊಳ್ಳೆಗಳಿವೆ. ಮಿದುಳಿನಲ್ಲಿ ವಾಸನೆಗೆ ಮೀಸಲಾದ ಭಾಗವೂ ದೊಡ್ಡದು. ಕ್ರಿಲ್ ಸಸ್ಯಪ್ಲವಕಗಳನ್ನು ಮೇಯುವಾಗ ಡೈಮೀಥೈಲ್ ಸಲ್ಫೈಡ್ ಎಂಬ ಗಂಧಕಯುಕ್ತ ಅನಿಲ ಹೊಮ್ಮುತ್ತದೆ. ಸಂಶೋಧಕಿ ಗೇಬ್ರಿಯೆಲ್ ನೆವಿಟ್ ಮತ್ತು ಸಂಗಡಿಗರು ಈ ವಾಸನೆ ಬೆರೆಸಿದ ಎಣ್ಣೆಯನ್ನು ದಕ್ಷಿಣದ ಕಡಲಿನ ಮೇಲೆ ಹರಡಿ ನೋಡಿದರು. ಕೆಲವು ಜಾತಿಯ ಪೆಟ್ರೆಲ್‌ಗಳು ಅದರತ್ತ ಬಂದವು. ಕಪ್ಪುಹುಬ್ಬಿನ ಆಲ್ಬಟ್ರಾಸ್ ಬರಲಿಲ್ಲ. 1995ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಈ ಫಲಿತಾಂಶದಿಂದ, ಒಂದೇ ಕಡಲಿನಲ್ಲಿ ಮೇಯುವ ಹಕ್ಕಿಗಳೆಲ್ಲ ಒಂದೇ ಸುಳಿವು ಹಿಡಿಯುವುದಿಲ್ಲವೆಂದೂ ತಿಳಿಯಿತು.

ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಕೇರಳದ ಕಡೆ ಮೊದಲಾಗುವ ಈ ಮೇಲೇರಿಕೆ ಕ್ರಮೇಣ ಉತ್ತರಕ್ಕೆ ಸರಿಯುತ್ತದೆ. ಆ ಪೋಷಕಾಂಶಗಳಿಂದ ಬೆಳೆದು ಬೂತಾಯಿ, ಬಂಗುಡೆಗಳ ಸಮೃದ್ಧಿಗೆ ಕಾರಣವಾದ ಪ್ಲವಕಗಳೇ ಪೆಟ್ರೆಲ್‌ನ ಆಹಾರಕ್ಕೂ ಬುನಾದಿ. ಇಲ್ಲೂ ಹಕ್ಕಿಯನ್ನು ನಡೆಸುವುದು ಅದೇ ವಾಸನೆ ಎಂಬುದು ಊಹೆಯೇ, ಆದರೆ ಬಲವಾದ ಊಹೆ. ಇಲ್ಲಿ ಮೀನುಗಾರಿಕೆ ದೋಣಿಗಳಿಂದ ಬೀಳುವ ತ್ಯಾಜ್ಯವೂ ಅದರ ಪಾಲಿಗೆ ಮೇವು.

ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಳಸಮುದ್ರದಲ್ಲಿ ನೋಡುವ ಕಣ್ಣುಗಳು ಕಡಿಮೆ. ಹಕ್ಕಿ ಅಪರೂಪವೆನಿಸಲು ಇದೂ ಒಂದು ಕಾರಣ. ಕರ್ನಾಟಕದ ಪಕ್ಷಿಪಟ್ಟಿಯಲ್ಲಿ ಇದಕ್ಕೆ ಸಲ್ಲಬೇಕಾದದ್ದು ದಾರಿತಪ್ಪಿ ಬಂದ ಅತಿಥಿಯ ಸ್ಥಾನವಲ್ಲ, ಕಾಲಕಾಲಕ್ಕೆ ಬರುವ ವಲಸಿಗನ ಸ್ಥಾನ.