ಕಡತ

ಸರ್ಕಾರಿ ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಮೊದಲು ಅದು ಬಟ್ಟೆಯ ಪುಸ್ತಕ. ಹುಣಸೆಬೀಜದ ಅಂಟಿಗೆ ಇದ್ದಿಲಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಬಳಪದಲ್ಲಿ ಬರೆಯುತ್ತಿದ್ದರು; ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಕಡತಗಳು ಚರಿತ್ರೆಕಾರರಿಗೆ ಅಮೂಲ್ಯ ಆಕರ.

ಕಂಪ್ಯೂಟರಿನಲ್ಲಿ ಯಂತ್ರಭಾಗಗಳನ್ನು ವಿನ್ಯಾಸ ಮಾಡುವವರಿಗೂ ಈ ಪದ ಚೆನ್ನಾಗಿ ಒಗ್ಗುತ್ತದೆ. ಅಂಥ ವಿನ್ಯಾಸದ ತಂತ್ರಾಂಶವಾದ ಆಟೋಡೆಸ್ಕ್ ಇನ್ವೆಂಟರ್‌ನ ಪ್ರಾಜೆಕ್ಟ್ ಫೈಲನ್ನು 'ಯೋಜನಾ ಕಡತ' ಎಂದೇ ಕರೆಯಬೇಕೆಂದು ನನ್ನ ಆಸೆ. ಅದರೊಳಗೆ ಮಾಡೆಲ್‌ಗಳಿರುವುದಿಲ್ಲ, ಅವನ್ನು ಯಾವ ಫೋಲ್ಡರಿನಲ್ಲಿ ಹುಡುಕಬೇಕೆಂಬ ವಿವರವಿರುತ್ತದೆ. ಹಳೆಯ ಮಾಡೆಲ್‌ಗಳನ್ನು ಒಂದೆಡೆ ಜೋಡಿಸುವಾಗ ಮೊದಲು ಈ ಕಡತ ಸಿದ್ಧಪಡಿಸಿಕೊಳ್ಳುವುದು ಒಳ್ಳೆಯದು. ಅದರಲ್ಲಿ ಕೊಟ್ಟ ಫೋಲ್ಡರಿನ ದಾರಿ ತಪ್ಪಾಗಿದ್ದರೆ, ಭಾಗಗಳ ಜೋಡಣೆಯಾದ ಅಸೆಂಬ್ಲಿಯನ್ನು ತೆರೆದ ಕೂಡಲೇ ಯಾವುದೋ ಬೋಲ್ಟಿನ ಫೈಲ್ ಸಿಗುತ್ತಿಲ್ಲವೆಂದು ಇನ್ವೆಂಟರ್ ತಡೆದು ನಿಲ್ಲಿಸುತ್ತದೆ.