ಬಾಗಿಲ ಬಳಿಯ ಗುನುಗು

ಕಳೆದ ದಸರೆಗೆ ಊರಿಗೆ ಹೋಗಿದ್ದೆ. ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಹುಮನಾಬಾದ್ ಬಸ್ ಹತ್ತಿ, ಕಮಲಾಪುರದಲ್ಲಿ ಇಳಿದು, ಒಂದು ಡಜನ್ ಕೆಂಪು ಬಾಳೆಹಣ್ಣು ಕೊಂಡು (ಕಮಲಾಪುರದಲ್ಲಿ ಇಳಿದೂ ಕೆಂಪು ಬಾಳೆ ತರದಿದ್ದರೆ ನಮ್ಮ ಮನೆಯಲ್ಲಿ ಒಳಗೆ ಬಿಟ್ಟುಕೊಳ್ಳಲ್ಲ :)) ನಮ್ಮ ಹಳ್ಳಿ ಸೇರುವಾಗ ಕತ್ತಲಾಗಿತ್ತು. ಗುಡಿಯಲ್ಲಿ ಭಜನೆ ನಡೆದಿತ್ತು. ಹೋಗಿ ಕೂತೆ. ಭಜನೆ ಮುಗಿದು ಚಹಾ ಬರುವವರೆಗಿನ ಬಿಡುವಿನಲ್ಲಿ ಪೇಟಿ ಮಾಸ್ತರರು ಸುಮ್ಮನೆ ಬೆರಳಾಡಿಸುತ್ತಾ ಒಂದು ತುಣುಕು ನುಡಿಸಿದರು. ಐದಾರು ಸ್ವರ, ಅಷ್ಟೇ. ಕೂತಿದ್ದವರೆಲ್ಲ ನನ್ನ ಕಡೆ ನೋಡಿ ನಕ್ಕರು.

ಅದು ನಮ್ಮ ಅಜ್ಜನ ಗುನುಗು.

ಆ ಕತೆ ಕೊನೆಗೆ ಹೇಳ್ತೀನಿ. ಯಾಕಂದ್ರೆ ಅವತ್ತು ರಾತ್ರಿ ಮಾಳಿಗೆ ಮೇಲೆ ಮಲಗಿದಾಗ ಆ ತುಣುಕಿನ ಜೊತೆ ಇನ್ನೊಂದು ಗುನುಗು ನೆನಪಾಯಿತು. ಅದೂ ಒಬ್ಬ ಸೋತ ಮನುಷ್ಯನದ್ದೇ. ಅದಕ್ಕಾಗಿ ಒಮ್ಮೆ ಲಂಡನ್ನಿಗೆ ಹೋಗಿ ಬರಬೇಕು.

2016ರ ಜೂನ್ 23. ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಅಂತ ಬ್ರಿಟನ್ನಿನಲ್ಲಿ ಜನಮತಗಣನೆ ನಡೆಯಿತು. ಅದನ್ನು ನಡೆಸಿದ್ದು ಪ್ರಧಾನಿ ಡೇವಿಡ್ ಕ್ಯಾಮರೂನ್. ಅವರು ಪ್ರಚಾರ ಮಾಡಿದ್ದು 'ಇರೋಣ' ಅಂತ. ಜನ ಶೇಕಡಾ 51.9ರಷ್ಟು 'ಬಿಡೋಣ' ಅಂದರು. ಮರುದಿನವೇ ಕ್ಯಾಮರೂನ್ ರಾಜೀನಾಮೆ ಘೋಷಿಸಿದರು, ಆದರೆ ಹೊಸ ನಾಯಕನ ಆಯ್ಕೆಯಾಗುವ ತನಕ, ಅಂದರೆ ಅಕ್ಟೋಬರ್ ಹೊತ್ತಿಗೆ, ಇರ್ತೀನಿ ಅಂದಿದ್ದರು. ಜುಲೈ 11ರಂದು ಇದ್ದಕ್ಕಿದ್ದಂತೆ ಲೆಕ್ಕ ತಪ್ಪಿತು. ಪಕ್ಷದ ನಾಯಕತ್ವದ ಕಣದಲ್ಲಿ ಉಳಿದಿದ್ದ ಇಬ್ಬರಲ್ಲಿ ಆಂಡ್ರಿಯಾ ಲೆಡ್ಸಮ್ ಹಿಂದೆ ಸರಿದರು. ತೆರೇಸಾ ಮೇ ಒಬ್ಬರೇ ಉಳಿದರು. ಮೂರು ತಿಂಗಳು ಇರಬೇಕಾಗಿದ್ದವರಿಗೆ ಮನೆ ಖಾಲಿ ಮಾಡಲು ಎರಡೇ ದಿನ!

ಅವತ್ತು ಕ್ಯಾಮರೂನ್ 10 ಡೌನಿಂಗ್ ಸ್ಟ್ರೀಟಿನ ಮನೆಯೆದುರು ಬಂದು, ಬುಧವಾರ ಸಂಜೆಗೆ ಹೊಸ ಪ್ರಧಾನಿ ಬರ್ತಾರೆ ಅಂತ ಚುಟುಕಾಗಿ ಹೇಳಿ, ಧನ್ಯವಾದ ಅಂದು, ತಿರುಗಿ ಆ ಪ್ರಸಿದ್ಧ ಕಪ್ಪು ಬಾಗಿಲಿನ ಕಡೆ ನಡೆದರು. ಮೈಕ್ ಇನ್ನೂ ಆನ್ ಆಗಿತ್ತು ಅನ್ನುವುದು ಮರೆತೇ ಹೋಗಿತ್ತೇನೋ. ನಡೆಯುತ್ತಾ ನಡೆಯುತ್ತಾ 'ಡೂ ಡೂ.. ಡೂ ಡೂ' ಅಂತ ನಾಲ್ಕು ಸ್ವರ ಗುನುಗಿದರು. ಬಾಗಿಲೊಳಗೆ ಕಾಲಿಡುವಾಗ 'ರೈಟ್' ಅಂದದ್ದೂ ಕೇಳಿಸಿತು. ಅಷ್ಟೇ. ಇಡೀ ಜಗತ್ತು ಆ ವಿಡಿಯೋ ನೋಡಿತು.

ನಾನಾಗ ಇಂಜಿನಿಯರಿಂಗ್ ಓದುತ್ತಿದ್ದೆ. ಹಾಸ್ಟೆಲ್ ರೂಮಿನಲ್ಲಿ ಐದು ಜನ ಒಂದೇ ಮೊಬೈಲಿಗೆ ತಲೆ ತೂರಿಸಿ ನೋಡಿ ಬಿದ್ದು ಬಿದ್ದು ನಕ್ಕಿದ್ದೆವು. ದೇಶ ಹೊತ್ತಿ ಉರೀತಿದೆ, ಈ ಮಹಾಶಯ ಹಾಡ್ಕೊಂಡು ಹೋಗ್ತಿದಾನೆ ಅಂತ.

ಆದರೆ ಸಂಗೀತಗಾರರು ನಕ್ಕು ಸುಮ್ಮನಾಗಲಿಲ್ಲ. ಆ ನಾಲ್ಕು ಸ್ವರ ಯಾವುವು ಅಂತ ನೊಟೇಶನ್ ಬರೆದರು. ಎಲ್ಲಿಂದ ಬಂತು, ಯಾವುದಾದರೂ ಟಿವಿ ಸೀರಿಯಲ್ಲಿನ ರಾಗವೇ ಅಂತ ವಾದ ಮಾಡಿದರು. ಶಾಸ್ತ್ರೀಯ ಸಂಗೀತವನ್ನೇ ಹಾಕುವ ಕ್ಲಾಸಿಕ್ ಎಫ್ಎಂ ರೇಡಿಯೋದವರೂ ಈ ಗುನುಗನ್ನು ಹಿಡಿದು ವಿಶ್ಲೇಷಣೆ ಮಾಡಿದರು. ಥಾಮಸ್ ಹ್ಯೂಯಿಟ್ ಜೋನ್ಸ್ ಎಂಬ ಸಂಯೋಜಕ ಅದನ್ನೇ ಬೀಜ ಮಾಡಿಕೊಂಡು 'ಫ್ಯಾಂಟಸಿ ಆನ್ ಡೇವಿಡ್ ಕ್ಯಾಮರೂನ್' ಅಂತ ಒಂದು ಕೃತಿಯನ್ನೇ ರಚಿಸಿದರು. ಫ್ಯಾಂಟಸಿ ಅಂದರೆ ಪಾಶ್ಚಾತ್ಯ ಸಂಗೀತದಲ್ಲಿ ಒಂದು ಎಳೆ ಹಿಡಿದು ಮನಸ್ಸಿಗೆ ಬಂದಂತೆ ಬೆಳೆಸುವುದು. ಹೆಚ್ಚುಕಡಿಮೆ ನಮ್ಮ ಮನೋಧರ್ಮ ಇದ್ದ ಹಾಗೆ, ಆದರೆ ಬರೆದಿಟ್ಟದ್ದು. ಬೇರೆಯವರು ರೀಮಿಕ್ಸ್ ಮಾಡಿದರು, ಪಿಯಾನೋದಲ್ಲಿ ನುಡಿಸಿ ಹಾಕಿದರು. ಕ್ಯಾಮರೂನ್ ಹೇಳಿದ ಮಾತು ಯಾರಿಗೂ ನೆನಪಿಲ್ಲ, ಆಮೇಲೆ ಗುನುಗಿದ್ದು ನೆನಪಿದೆ!

ಇದೇನು ಯೂಟ್ಯೂಬ್ ಕಾಲದ ಹುಚ್ಚು ಅಂದುಕೊಂಡಿದ್ದೆ. ಅಲ್ಲ. ಇದಕ್ಕೆ ಬಹಳ ದೊಡ್ಡ ಮನೆತನವಿದೆ.

1747ರ ಮೇ 7. ಬರ್ಲಿನ್ ಹತ್ತಿರದ ಪಾಟ್ಸ್‌ಡಾಮ್. ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್, ಹಗಲು ಯುದ್ಧ, ರಾಜಕಾರಣ, ಸಂಜೆಯಾದರೆ ಕೊಳಲು. ಅವನ ಆಸ್ಥಾನದಲ್ಲಿ ಹಾರ್ಪ್ಸಿಕಾರ್ಡ್ ನುಡಿಸುತ್ತಿದ್ದವನು ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಬಾಖ್. ಅವತ್ತು ಅವನ ಅಪ್ಪ, 62 ವರ್ಷದ ಜೊಹಾನ್ ಸೆಬಾಸ್ಟಿಯನ್ ಬಾಖ್, ಲೈಪ್ಸಿಗ್‌ನಿಂದ ಬಂದಿದ್ದರು. ದೊರೆ ತಾನೇ ವಾದ್ಯದ ಮುಂದೆ ಬಂದು, ಯಾವ ತಯಾರಿಯೂ ಇಲ್ಲದೆ ಒಂದು ಸ್ವರಸಾಲು ನುಡಿಸಿ, ಇದರ ಮೇಲೆ ಒಂದು ಫ್ಯೂಗ್ ನುಡಿಸಿ ಅಂದನಂತೆ. ಅಂದಿನ ಬರ್ಲಿನ್ ಪತ್ರಿಕೆಯಲ್ಲಿ ಇದು ವರದಿಯಾಗಿತ್ತು. ಫ್ಯೂಗ್ ಅಂದರೆ, ಒಂದು ದನಿ ಎತ್ತಿಕೊಂಡ ಸಾಲು ಮುಂದೆ ಸಾಗುತ್ತಿರುವಾಗಲೇ ಇನ್ನೊಂದು ದನಿ ಅದೇ ಸಾಲನ್ನು ಎತ್ತಿಕೊಂಡು ಬೆನ್ನಟ್ಟುವುದು, ಆಮೇಲೆ ಮೂರನೆಯದು. ದೊರೆ ಕೊಟ್ಟ ಸಾಲು ಅಡ್ಡಾದಿಡ್ಡಿಯಾಗಿ ಏರಿ, ಅರ್ಧರ್ಧ ಸ್ವರವಾಗಿ ಇಳಿಯುವಂಥದ್ದು. ಮುದುಕನನ್ನು ಪೇಚಿಗೆ ಸಿಲುಕಿಸಲೆಂದೇ ಕೊಟ್ಟದ್ದು ಅನ್ನುವವರೂ ಇದ್ದಾರೆ. ಬಾಖ್ ಕೂತಲ್ಲೇ ಮೂರು ದನಿಯ ಫ್ಯೂಗ್ ನುಡಿಸಿಬಿಟ್ಟರು. ಆರು ದನಿಯದ್ದು? ಅಂದ ದೊರೆ. ಅವತ್ತು ಬಾಖ್ ತಮ್ಮದೇ ಬೇರೆ ಸಾಲಿನ ಮೇಲೆ ಆರು ದನಿ ನುಡಿಸಿ ಮರ್ಯಾದೆ ಉಳಿಸಿಕೊಂಡರು.

ನಿಜವಾದ ಮಜಾ ಆಮೇಲೆ. ಊರಿಗೆ ಮರಳಿದ ಬಾಖ್ ಎರಡೇ ತಿಂಗಳಲ್ಲಿ ಆ ರಾಜನ ಸಾಲನ್ನೇ ಹಿಡಿದು 'ಮ್ಯೂಸಿಕಲ್ ಆಫರಿಂಗ್', ಅಂದರೆ ಸಂಗೀತದ ಕಾಣಿಕೆ, ಅನ್ನುವ ಕೃತಿ ಬರೆದು ಅಚ್ಚು ಹಾಕಿಸಿ ದೊರೆಗೇ ಅರ್ಪಿಸಿದರು. ಅದರಲ್ಲಿ ಆ ಆರು ದನಿಯದ್ದೂ ಇದೆ, ಕೊಳಲಿಗೆಂದು ಒಂದು ಸೊನಾಟಾ ಇದೆ, ಹತ್ತು ಕ್ಯಾನನ್‌ಗಳಿವೆ. ಈ ಕ್ಯಾನನ್‌ಗಳು ಒಗಟುಗಳ ಹಾಗೆ. ಒಂದರ ಮೇಲೆ ಲ್ಯಾಟಿನ್ನಿನಲ್ಲಿ 'ಹುಡುಕಿ, ಸಿಗುತ್ತದೆ' ಅನ್ನುವ ಅರ್ಥದ ಮಾತು ಬರೆದಿದ್ದಾರೆ. ಬಿಡಿಸಿಕೊಳ್ಳುವ ಕೆಲಸ ನುಡಿಸುವವನದ್ದು. ಇನ್ನೊಂದಕ್ಕೆ ಏಡಿ ಕ್ಯಾನನ್ ಅಂತ ಹೆಸರು. ಒಬ್ಬ ಮೊದಲಿನಿಂದ ಕೊನೆಗೆ ನುಡಿಸಬೇಕು, ಇನ್ನೊಬ್ಬ ಅದೇ ಹೊತ್ತಿಗೆ ಕೊನೆಯಿಂದ ಮೊದಲಿಗೆ. ಎರಡೂ ಹೊಂದಿಕೊಳ್ಳುತ್ತವೆ! ನಮ್ಮ 'ವಿಕಟಕವಿ' ಪದವನ್ನು ಇಬ್ಬರು ಎರಡೂ ತುದಿಯಿಂದ ಓದಿದ ಹಾಗೆ. ಮತ್ತೊಂದು ಕ್ಯಾನನ್ ಪ್ರತಿ ಸುತ್ತಿಗೂ ಒಂದೊಂದು ಸ್ವರ ಮೇಲೇರುತ್ತಾ ಹೋಗಿ ಕೊನೆಗೆ ಶುರುವಾದ ಸ್ವರಕ್ಕೇ, ಒಂದು ಸಪ್ತಕ ಮೇಲೆ, ಬಂದು ಸೇರುತ್ತದೆ. ಅದರ ಪಕ್ಕ ದೊರೆಯ ಕೀರ್ತಿಯೂ ಹೀಗೆ ಏರಲಿ ಅಂತ ಬರೆದಿದ್ದಾರೆ. ಹೊಗಳಿಕೆಯೋ, ಕೀಟಲೆಯೋ? ಏರಿ ಏರಿ ಹೊರಟಲ್ಲಿಗೇ ಬರುವ ಕೀರ್ತಿ.. ನೀವೇ ಹೇಳಿ.

ಫ್ರೆಡರಿಕ್ ಸ್ವತಃ ನೂರಕ್ಕೂ ಹೆಚ್ಚು ಕೊಳಲು ಸೊನಾಟಾ ಬರೆದವನು. ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಜನ ನುಡಿಸುವ ಅವನ ಸ್ವರಸಾಲು ಮಾತ್ರ ಅವನು ಕೂತು ಬರೆದದ್ದಲ್ಲ. ಬಾಖ್ ಆಟವಾಡಿದ್ದು.

ಇರಲಿ, ನಮ್ಮ ಕಡೆಗೆ ಬರೋಣ. ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ್ದು ಯಾವುದು ಅಂತ ಯೋಚಿಸಿದರೆ ನಿಮಗೂ ಒಂದೇ ಹೊಳೆಯುತ್ತೆ. 'ನಿಖಿಲ್ ಎಲ್ಲಿದ್ದೀಯಪ್ಪಾ'. 2016ರಲ್ಲಿ 'ಜಾಗ್ವಾರ್' ಸಿನಿಮಾದ ಹಾಡುಗಳ ಬಿಡುಗಡೆ ಸಮಾರಂಭದಲ್ಲಿ ಎಚ್.ಡಿ. ಕುಮಾರಸ್ವಾಮಿಯವರು ವೇದಿಕೆಯಿಂದ ಮಗನನ್ನು ಕರೆದ ಮಾತು. ಇದು ಗುನುಗಲ್ಲ, ಕರೆ. ಮೂರು ವರ್ಷ ತೆಪ್ಪಗಿದ್ದ ಆ ತುಣುಕು, 2019ರಲ್ಲಿ ನಿಖಿಲ್ ಮಂಡ್ಯ ಲೋಕಸಭೆಗೆ ನಿಂತಾಗ ಎದ್ದು ಕೂತಿತು. ತಾಳ ಹಾಕಿ ಡಿಜೆ ಹಾಡು ಮಾಡಿದರು, ಟಿಕ್‌ಟಾಕ್‌ನಲ್ಲಿ ಕುಣಿದರು, ಅದೇ ಶೀರ್ಷಿಕೆಯ ಸಿನಿಮಾ ಮಾಡ್ತೀವಿ ಅಂತ ಫಿಲ್ಮ್ ಚೇಂಬರಿನ ತನಕ ಹೋದರು. ಆ ಚುನಾವಣೆಯಲ್ಲಿ ಸುಮಲತಾ ಅಂಬರೀಶ್ ಎದುರು ನಿಖಿಲ್ 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು.

ಮಾತು ಯಾಕೆ ಹಾಡಾಗುತ್ತೆ ಅನ್ನೋದಕ್ಕೂ ಉತ್ತರ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಯಾನಾ ಡಾಯ್ಚ್ 1995ರಲ್ಲಿ ತಮ್ಮದೇ ಮಾತಿನ ರೆಕಾರ್ಡಿಂಗ್ ತಿದ್ದುತ್ತಿದ್ದಾಗ ಒಂದು ತುಂಡು ವಾಕ್ಯವನ್ನು ಲೂಪ್‌ನಲ್ಲಿ ಬಿಟ್ಟಿದ್ದರು. ಸ್ವಲ್ಪ ಹೊತ್ತಿಗೆ ಯಾರೋ ಹಾಡುತ್ತಿದ್ದಾರೆ ಅನಿಸಿತಂತೆ. ಧ್ವನಿ ಬದಲಾಗಿಲ್ಲ, ಕಿವಿ ಬದಲಾಗಿದೆ! ಮತ್ತೆ ಮತ್ತೆ ಕೇಳಿದರೆ ಮಿದುಳು ಅರ್ಥ ಬಿಟ್ಟು ಸ್ವರ ಹಿಡಿಯುತ್ತೆ. ಅದರಲ್ಲೂ ದೂರದವರನ್ನು ಕರೆಯುವಾಗ ನಾವು ಕೊನೆಯ ಅಕ್ಷರ ಎಳೆಯುತ್ತೇವಲ್ಲ, 'ಅಪ್ಪಾಆ' ಅಂತ, ಅಲ್ಲಿಗೆ ಅರ್ಧ ಹಾಡು ಆಗಲೇ ಆಗಿರುತ್ತೆ. ಉಳಿದರ್ಧ ಡಿಜೆಯವನದ್ದು.

ಈಗ ಅಜ್ಜನ ಕತೆ.

ಅಜ್ಜ ಒಂದು ಅವಧಿಗೆ ನಮ್ಮೂರ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದರು. 2010ರಲ್ಲಿ ಮತ್ತೆ ನಿಂತರು. ಕಮಲಾಪುರ ಈಗ ತಾಲ್ಲೂಕು, ಆಗ ಕಲಬುರಗಿ ತಾಲ್ಲೂಕಿನಲ್ಲೇ ಇತ್ತು. ಹಾಗಾಗಿ ಎಣಿಕೆಗೆ ಕಲಬುರಗಿಗೇ ಹೋಗಿದ್ದರು. ಹನ್ನೊಂದು ಓಟಿನಿಂದ ಸೋತರು. ಕೊನೇ ಬಸ್ಸಿಗೆ ಊರಿಗೆ ಬಂದಾಗ ಕಟ್ಟೆ ತುಂಬ ಜನ. ಯಾರಿಗೂ ಏನು ಮಾತಾಡಬೇಕು ತಿಳಿಯಲಿಲ್ಲ. ಅಜ್ಜ ಯಾರನ್ನೂ ನೋಡದೆ, ಅದೇನೋ ಗುನುಗುತ್ತಾ ಕಟ್ಟೆ ದಾಟಿ ಹೋಗಿ ಬಾಗಿಲು ಹಾಕಿಕೊಂಡರು. ಕಟ್ಟೆ ಮೇಲೆ ಪೇಟಿ ಮಾಸ್ತರರೂ ಇದ್ದರು.

ನಮ್ಮ ಕಡೆ ಭಜನೆ ಪುಸ್ತಕಗಳಲ್ಲಿ ಪದದ ತಲೆ ಮೇಲೆ 'ಧಾಟಿ' ಅಂತ ಬರೆದಿರುತ್ತಾರೆ, ಯಾವ ಹಾಡಿನ ಮಟ್ಟಿನಲ್ಲಿ ಹಾಡಬೇಕು ಅಂತ. ಮುಂದಿನ ಸೋಮವಾರದ ಭಜನೆಯಲ್ಲಿ ಒಂದು ಹೊಸ ಪದ ಬಂತು. ಧಾಟಿ: ಮೆಂಬರ್ ಸಾಹೇಬರ ಗುನುಗು! ಅಜ್ಜ ಹಾಕಿಸಿದ ಬೋರ್‌ವೆಲ್ ಮಳೆಗಾಲದಲ್ಲಿ ಮಾತ್ರ ನೀರು ಕೊಡೋದು, ಅವರು ಹಾಕಿಸಿದ ಬೀದಿದೀಪ ಹಗಲು ಮಾತ್ರ ಉರಿಯೋದು, ಎಲ್ಲ ಅದರಲ್ಲಿತ್ತು. ಜನ ಹೊಟ್ಟೆ ಹಿಡಿದು ನಕ್ಕರು. ಶಾಲೆಯಲ್ಲಿ ಹುಡುಗರು ನನ್ನ ಹಿಂದೆ ಅದನ್ನೇ ಹಾಡಿದರು. ನಾನು ಒಬ್ಬನಿಗೆ ಹೊಡೆದೂ ಬಿಟ್ಟೆ.

ಅದರ ಮುಂದಿನ ಸೋಮವಾರ ಅಜ್ಜ ಗುಡಿಗೆ ಬಂದು ಹಿಂದುಗಡೆ ಕಂಬಕ್ಕೆ ಒರಗಿ ಕೂತರು. ಎಲ್ಲರೂ ಗಪ್. "ಯಾಕ್, ಹಾಡ್ರಲಾ" ಅಂದರು. ಅಂಜುತ್ತಾ ಹಾಡಿದರು. ಮುಗಿದ ಮೇಲೆ ಅಜ್ಜ ಹೇಳಿದ್ದು ಇಷ್ಟೇ: "ಮಾಸ್ತರ, ಎರಡನೇ ಸಾಲಿನ್ಯಾಗ ತಾಳ ತಪ್ಪ್ಯಾದ. ನಾ ಹಂಗ ಗುನುಗಿಲ್ಲ." ಆಮೇಲೆ ತಾವೇ ಗುನುಗಿ ತೋರಿಸಿದರು. ಅವತ್ತು ಭಜನೆ ರಾತ್ರಿ ಒಂದರ ತನಕ ನಡೆಯಿತು.

ಬಹಳ ವರ್ಷದ ನಂತರ ಅಜ್ಜಿ ನನಗೊಂದು ಮಾತು ಹೇಳಿದರು. ಎತ್ತು ಸತ್ತಾಗ, ದೊಡ್ಡಮ್ಮನನ್ನು ಗಂಡನ ಮನೆಗೆ ಕಳಿಸಿ ಬಂದಾಗ, ಅಜ್ಜ ಅದನ್ನೇ ಗುನುಗುತ್ತಿದ್ದರಂತೆ. ಖುಷಿಯಲ್ಲಿ ಗುನುಗಿದ್ದು ಅಜ್ಜಿ ಕೇಳೇ ಇಲ್ಲವಂತೆ. ಅದು ಕೇಳಿದ ಮೇಲೆ ಹಾಸ್ಟೆಲ್ಲಿನಲ್ಲಿ ಕ್ಯಾಮರೂನ್ ನೋಡಿ ನಕ್ಕಿದ್ದು ನೆನಪಾಗಿ ಒಂಥರಾ ಆಯಿತು. ಅವರ ರಾಜಕೀಯ ತಪ್ಪೇ ಇರಬಹುದು. ಆದರೆ ಬಾಗಿಲಿಗೆ ಮುಖ ಮಾಡಿ ನಡೆಯುವ ಮನುಷ್ಯನ ಗುನುಗಿನಲ್ಲಿ ಏನಿತ್ತು ಅಂತ ನನಗೆ ಹೇಗೆ ಗೊತ್ತು?

ಹಾಗಂತ ಹಾಡು ಕಟ್ಟಬಾರದಿತ್ತು ಅಂತ ಈಗ ಅನಿಸುವುದಿಲ್ಲ. ಅಜ್ಜ ತೀರಿಕೊಂಡು ಎಂಟು ವರ್ಷವಾಯಿತು. ಮನೆಯಲ್ಲಿ ಅವರ ಫೋಟೋ ಇದೆ, ಮೆಂಬರ್ ಆಗಿದ್ದಾಗಿನ ಗುರುತಿನ ಚೀಟಿ ಇದೆ. ಅವರ ದನಿ ಯಾರ ಮೊಬೈಲಿನಲ್ಲೂ ಇಲ್ಲ. ಮಾಸ್ತರರು ಅವತ್ತು ಕಟ್ಟೆ ಮೇಲೆ ಕಿವಿಗೊಟ್ಟು ಗೇಲಿ ಮಾಡದೇ ಇದ್ದಿದ್ದರೆ ಆ ಐದಾರು ಸ್ವರವೂ ಇರುತ್ತಿರಲಿಲ್ಲ.

ಈ ಸಲ ಮಾಸ್ತರರನ್ನು ಕೇಳಿಕೊಂಡು ಪೂರ್ತಿ ಪದ ರೆಕಾರ್ಡ್ ಮಾಡಿಕೊಂಡು ಬಂದಿದ್ದೇನೆ. ನಿಮ್ಮೂರುಗಳಲ್ಲೂ ಇಂಥ ಪದಗಳು ಇದ್ದೇ ಇರ್ತವೆ, ಹಾಡುವವರು ಇರುವಾಗಲೇ ಬರೆದಿಟ್ಟುಕೊಳ್ಳಿ.

ಅಂದ ಹಾಗೆ, ಎರಡನೇ ಸಾಲಿನಲ್ಲಿ ತಾಳ ಈಗಲೂ ತಪ್ಪೇ ಇದೆ :)