ಸಾಲುಮರದ ದಾರಿ ಹೈವೇ ಆದಾಗ ಹಕ್ಕಿಗಳಿಗೆ ಏನಾಯಿತು?

ಕೊತ್ತಗೆರೆ ಕಡೆಯವರು ಕುಣಿಗಲ್‌ಗೆ ಬಂದು ಬೆಂಗಳೂರು–ಮಂಗಳೂರು ಹೆದ್ದಾರಿ ಹತ್ತಿದರೆ ಈಗ ಬೆಂಗಳೂರು ದೂರವೇನಲ್ಲ. ಆಸ್ಪತ್ರೆ, ಕಾಲೇಜು, ಮಾರ್ಕೆಟ್ಟು ಎಲ್ಲದಕ್ಕೂ ರಸ್ತೆಯೇ ಆಧಾರ. ರಸ್ತೆ ಬೇಡ ಎಂದು ನಾವು ಬರೆಯುತ್ತಿಲ್ಲ. ಆದರೆ ನಮ್ಮ ಕಡೆ ರಸ್ತೆ ಎಂದರೆ ಬರೀ ವಾಹನ ಓಡುವ ಜಾಗ ಆಗಿರಲಿಲ್ಲ. ಅದು ಹಕ್ಕಿಗಳ ಮನೆಯೂ ಆಗಿತ್ತು. ಆ ಮನೆ ಹೇಗೆ ಕಟ್ಟಿತು, ಹೇಗೆ ಒಡೆಯಿತು ಎನ್ನುವುದೇ ಈ ಕಥೆ.

ದಾರಿ ಬದಿಗೆ ಆಲದ ಮರ ನೆಡಿಸಿದ ಮಾತು ಅಶೋಕನ ಶಾಸನದಲ್ಲೇ ಇದೆ. ಮೈಸೂರು ಸಂಸ್ಥಾನದಲ್ಲಿ ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲಕ್ಕೆ, ಅಂದರೆ 1834ರಿಂದ 1861ರ ನಡುವೆ, ಸುಮಾರು 1,600 ಮೈಲಿ ರಸ್ತೆ ಆಯಿತು. ಆಗೆಲ್ಲ ಓಡಾಟ ಕಾಲ್ನಡಿಗೆ, ಇಲ್ಲವೇ ಎತ್ತಿನ ಗಾಡಿ. ಬಿಸಿಲಲ್ಲಿ ನಡೆಯುವವರಿಗೂ ಎತ್ತಿಗೂ ನೆರಳು ಬೇಕಿತ್ತು. ಅದಕ್ಕೇ ಆಲ, ಅರಳಿ, ಹುಣಸೆ, ಮಾವಿನ ಸಾಲು.

ಮರ ನೆಟ್ಟಿದ್ದು ಮನುಷ್ಯನ ನೆರಳಿಗೆ. ಲಾಭ ಆಗಿದ್ದು ಹಕ್ಕಿಗೂ. ಎಲ್ಲ ಆಲದ ಮರಗಳೂ ಒಂದೇ ತಿಂಗಳಲ್ಲಿ ಹಣ್ಣು ಬಿಡುವುದಿಲ್ಲ. ಒಂದು ಮರದ ಹಣ್ಣು ಮುಗಿಯುವಾಗ ಇನ್ನೊಂದು ಮರ ಕೆಂಪಾಗಿರುತ್ತದೆ. ಹಾಗಾಗಿ ಬೇರೆ ಕಡೆ ಮೇವು ಸಿಗದ ದಿನಗಳಲ್ಲೂ ಕುಟ್ರುಹಕ್ಕಿ, ಗೊರವಂಕ, ಪಿಕಳಾರ, ಕೋಗಿಲೆಗಳಿಗೆ ಅಲ್ಲಿ ಊಟ ಸಿಕ್ಕುತ್ತದೆ. ಹಳೆಯ ಮರದ ಪೊಟರೆಯಲ್ಲಿ ಗಿಳಿ, ಹಾಲಕ್ಕಿ ಮರಿ ಮಾಡುತ್ತವೆ. ಊರಿಂದ ಊರಿಗೆ ಹೋಗುವ ಸಾಲುಮರ ಹಕ್ಕಿಗಳಿಗೂ ದಾರಿಯೇ.

ಈ ಪದ್ಧತಿಯನ್ನು ನಮ್ಮ ಕಾಲದವರೆಗೆ ತಂದವರು ಸಾಲುಮರದ ತಿಮ್ಮಕ್ಕ. ಹುಟ್ಟಿದ್ದು ನಮ್ಮದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ. ಸೇರಿದ್ದು ಪಕ್ಕದ ಮಾಗಡಿ ತಾಲ್ಲೂಕಿನ ಹುಲಿಕಲ್. ಗಂಡ ಚಿಕ್ಕಯ್ಯನವರ ಜೊತೆ ಹುಲಿಕಲ್–ಕುದೂರು ರಸ್ತೆಯ ನಾಲ್ಕು ಕಿಲೋಮೀಟರ್ ಉದ್ದಕ್ಕೂ ಆಲದ ಸಸಿ ನೆಟ್ಟರು. ಕೊಡದಲ್ಲಿ ನೀರು ಹೊತ್ತರು, ದನ ಮೇಯದಂತೆ ಮುಳ್ಳು ಕಟ್ಟಿದರು. ಲೆಕ್ಕಕ್ಕೆ ಸಿಕ್ಕ ಮರಗಳು 385.

2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸಕ್ಕೆ ಇದೇ ಮರಗಳು ಬಲಿಯಾಗುವ ಸುದ್ದಿಯೂ ಬಂತು. ತಿಮ್ಮಕ್ಕ ಸರ್ಕಾರದ ಬಾಗಿಲಿಗೆ ಹೋಗಿ ಕೇಳಿಕೊಂಡರು. ಮರ ಉಳಿಸಿಕೊಂಡು ಬೇರೆ ದಾರಿ ನೋಡುವುದಾಗಿ ಸರ್ಕಾರ ಹೇಳಿತು. 2025ರ ನವೆಂಬರ್ 14ರಂದು ತಿಮ್ಮಕ್ಕ ತೀರಿಕೊಂಡರು. ಹೆಸರಿಲ್ಲದವರು ನೆಟ್ಟ ಸಾಲುಮರಗಳ ಪರವಾಗಿ ಹಾಗೆ ಹೋಗಿ ಕೇಳುವವರು ಯಾರು?

ಮರ ಹೋಗುವುದು ಮೊದಲ ಪೆಟ್ಟು. ಎರಡನೆಯದು ವೇಗ. ಕೆಂಬೂತ ತಗ್ಗಿನಲ್ಲೇ ಹಾರಿ ರಸ್ತೆ ದಾಟುತ್ತದೆ. ಗೂಬೆ ಇಲಿಯ ಮೇಲೆ ಕಣ್ಣಿಟ್ಟು ಹೆಡ್‌ಲೈಟಿನ ಮುಂದೆಯೇ ಇಳಿಯುತ್ತದೆ. ಎತ್ತಿನ ಗಾಡಿ ಬಂದರೆ ಹಾರಿಹೋಗಲು ಸಮಯವಿತ್ತು, ನೂರರಲ್ಲಿ ಬರುವ ಕಾರಿಗೆ ಇಲ್ಲ.

ಇದರಲ್ಲಿ ನಮ್ಮ ಒಕ್ಕಣೆಯ ಪಾಲೂ ಇದೆ. ಮೊದಲು ಊರಿಗೆಲ್ಲ ಕಣಗಳಿದ್ದವು. ಸಗಣಿ ಸಾರಿಸಿ, ಎತ್ತು ಕಟ್ಟಿ, ಗುಂಡು ಉರುಳಿಸಿ ರಾಗಿ ಒಕ್ಕುತ್ತಿದ್ದರು. ಎತ್ತು ಕಡಿಮೆಯಾದವು, ಆಳು ಸಿಗದಾಯಿತು, ಕಣ ಮಾಡುವ ಜಾಗ ಬೇರೆಯದಕ್ಕೆ ಹೋಯಿತು. ಈಗ ಸುಗ್ಗಿ ಬಂತೆಂದರೆ ರಾಗಿ, ಹುರುಳಿ ಟಾರು ರಸ್ತೆಯ ಮೇಲೆ. ವಾಹನಗಳೇ ಒಕ್ಕುತ್ತವೆ. ಚೆಲ್ಲಿದ ಕಾಳಿಗೆ ಬೆಳವ, ಗುಬ್ಬಿ, ಗೊರವಂಕ ಬಂದು ಕೂರುತ್ತವೆ. ಕಣದಲ್ಲಿ ಹಕ್ಕಿ ತಿಂದು ಹೋಗುತ್ತಿತ್ತು, ರಸ್ತೆಯಲ್ಲಿ ತಿನ್ನಲು ಬಂದು ಚಕ್ರಕ್ಕೆ ಸಿಕ್ಕಿಬೀಳುತ್ತದೆ. ಸತ್ತದ್ದನ್ನು ತಿನ್ನಲು ಬರುವ ಕಾಗೆ, ಹದ್ದಿಗೂ ಅದೇ ಗತಿ.

ಮೂರನೆಯ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ಅದು ಸದ್ದು. 2012ರಲ್ಲಿ ಅಮೆರಿಕದ ಇಡಾಹೊ ರಾಜ್ಯದಲ್ಲಿ ವಿಜ್ಞಾನಿಗಳು ರಸ್ತೆಯೇ ಇಲ್ಲದ ಬೆಟ್ಟದ ಸಾಲಿನಲ್ಲಿ ಅರ್ಧ ಕಿಲೋಮೀಟರ್ ಉದ್ದಕ್ಕೆ ಸ್ಪೀಕರ್ ಇಟ್ಟು ಬರೀ ವಾಹನಗಳ ಸದ್ದು ಹಾಕಿದರು. ಟಾರಿಲ್ಲ, ಲಾರಿಯಿಲ್ಲ. ಆದರೂ ಸದ್ದು ಇದ್ದ ದಿನಗಳಲ್ಲಿ ಅಲ್ಲಿನ ಹಕ್ಕಿಗಳ ಸಂಖ್ಯೆ ಕಾಲು ಭಾಗಕ್ಕಿಂತ ಹೆಚ್ಚು ಇಳಿಯಿತು. ಹಕ್ಕಿ ಕೂಗುವುದು ಸುಮ್ಮನೆ ಅಲ್ಲ. ಜೋಡಿ ಕರೆಯಲು, ಜಾಗ ಕಾಯಲು, ಹಾವು ಬಂತೆಂದು ಮರಿಗಳಿಗೆ ಹೇಳಲು. ಸದ್ದಿನಲ್ಲಿ ಕೂಗು ಮುಳುಗಿದರೆ ಇದೆಲ್ಲ ನಿಂತುಹೋಗುತ್ತದೆ.

ಹಕ್ಕಿಗೆ ಜನ ಇರುವುದೇ ತೊಂದರೆ ಎನ್ನುವವರಿದ್ದಾರೆ. ನಮ್ಮ ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡು, ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು ನೋಡಿ. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಮಕ್ಕಳು ಆಡುತ್ತಿರುತ್ತಾರೆ. ಜನರ ಜೊತೆ ಬಾಳುವುದು ಹಕ್ಕಿಗೆ ಗೊತ್ತು. ವೇಗದ ಜೊತೆ ಬಾಳುವುದು ಗೊತ್ತಿಲ್ಲ.

ವೇಗಕ್ಕೂ ಮಿತಿ ಹಾಕಬಹುದು. ಬಂಡೀಪುರ ಕಾಡಿನ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ತಡೆಯಿದೆ. ನಮ್ಮೂರ ರಸ್ತೆಗೆ ಅಷ್ಟು ಬೇಡ. ಪಂಚಾಯಿತಿಗೊಂದು ಒಕ್ಕಣೆ ಕಣ ಬಂದರೆ ರೈತರ ಕಾಳಿಗೆ ಕಲ್ಲು ಸೇರುವುದೂ ತಪ್ಪುತ್ತದೆ, ಬೈಕ್ ಜಾರುವುದೂ ತಪ್ಪುತ್ತದೆ, ಹಕ್ಕಿಯೂ ಉಳಿಯುತ್ತದೆ.

ರಸ್ತೆ ಅಗಲ ಮಾಡುವಾಗ ಒಂದು ಮರಕ್ಕೆ ಹತ್ತು ಸಸಿ ನೆಡುತ್ತೇವೆ ಎನ್ನುವ ಮಾತು ಬರುತ್ತದೆ. ಸಸಿ ಒಳ್ಳೆಯದೇ. ಆದರೆ ಸಸಿಯಲ್ಲಿ ಪೊಟರೆ ಇರುವುದಿಲ್ಲ. ಅದು ಆಗಲು ಹತ್ತಾರು ವರ್ಷ ಬೇಕು, ಗಿಳಿ ಮರಿ ಮಾಡಬೇಕಾದ್ದು ಈ ವರ್ಷ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ ವಿಷಯ ಬಂದಾಗ ಎಷ್ಟು ಮರ ಹೋಗುತ್ತವೆ ಎಂದು ಕೇಳುವುದರ ಜೊತೆಗೆ, ಎಷ್ಟು ಪೊಟರೆ ಹೋಗುತ್ತವೆ ಎಂದೂ ಕೇಳೋಣ.